ಧ್ರುವ ಬೆಳೆದ ಬಗೆ, ಹೆಸರು ಅಳಿದ ಬಗೆ

ಜಿಟಿಎ ಗೇಮ್ ಆಡಿದ್ದೀರಿ. ಬೆಂಗಳೂರಿನ ಗೇಮ್ ಸ್ಟುಡಿಯೋ ಧ್ರುವ ಇಂಟರಾಕ್ಟಿವ್ ಗೊತ್ತಾ?

1997. ವಿಡಿಯೋ ಗೇಮ್ ಮಾಡೋದೂ ಒಂದು ಉದ್ಯೋಗ ಅಂದ್ರೆ ಮನೆಯವರೇ ನಂಬದ ಕಾಲ. ರಾಜೇಶ್ ರಾವ್ ಈ ಸ್ಟುಡಿಯೋ ಶುರುಮಾಡಿದರು. ದೇಶದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಇದೂ ಒಂದು.

ಸ್ಟುಡಿಯೋ ಬೆಳೆದದ್ದು ವಿದೇಶಿ ಕಂಪನಿಗಳ ಕೆಲಸದಿಂದ. ಅವರ ಗೇಮ್‌ಗಳಿಗೆ ಬೇಕಾದ 3ಡಿ ಚಿತ್ರಕಲೆ ಇಲ್ಲಿ ತಯಾರಾಗುತ್ತಿತ್ತು. ಮೈಕ್ರೋಸಾಫ್ಟ್‌ನ ಫೋರ್ಜಾ ರೇಸಿಂಗ್ ಗೇಮ್‌ಗಳಲ್ಲೂ ಇವರ ಕೈಕೆಲಸವಿದೆ. ದುಡಿಮೆ ನಮ್ಮವರದು, ಗೇಮಿನ ಹಕ್ಕು ಅವರದು.

2016ರ ಕೊನೆಗೆ ಸ್ವೀಡನ್‌ನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಆ ಕಂಪನಿಯ 'ವಾಕಿಂಗ್ ಡೆಡ್' ಗೇಮ್ ನೆಲಕಚ್ಚಿತು, ಕೈಯಲ್ಲಿ ಹಣವಿಲ್ಲ. 2019ರ ಮೇ ತಿಂಗಳಲ್ಲಿ ಧ್ರುವ ಸುಮಾರು 79 ಲಕ್ಷ ಡಾಲರ್‌ಗೆ ಮತ್ತೆ ಮಾರಾಟ. ಈ ಸಲ ಕೊಂಡವರು ಜಿಟಿಎ ಮಾಡುವ ರಾಕ್‌ಸ್ಟಾರ್. ತಂಡ ರಾಕ್‌ಸ್ಟಾರ್ ಇಂಡಿಯಾದಲ್ಲಿ ಬೆರೆಯಿತು. ಧ್ರುವ ಅನ್ನೋ ಹೆಸರು ಅಳಿಯಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗೆಳೆಯರೇ, ಗೇಮ್ ಮಾಡಲು ಬೇಕಾದ ಬ್ಲೆಂಡರ್, ಗೊಡೋ ಸಾಫ್ಟ್‌ವೇರ್‌ಗಳು ಉಚಿತ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ಕಣ್ಣೆದುರೇ ಇವೆ, ಕಥೆಗೆ ಬರವಿಲ್ಲ. ಹೊರಗಿನವರ ಕೆಲಸ ಮಾಡಿ, ಕಲಿಯಿರಿ. ಆದರೆ ಒಂದು ಗೇಮ್ ಆದರೂ ನಿಮ್ಮದೇ ಹಕ್ಕಿನಲ್ಲಿರಲಿ.