ಐನೂರು ಕೋಟಿ ಜೀವಗಳ ಲೆಕ್ಕ

ಮಾರ್ವೆಲ್ ಕಾಮಿಕ್ಸ್‌ನ ‘ಎಕ್ಸ್-ಮೆನ್’ ಪತ್ರಿಕೆಯ 137ನೇ ಸಂಚಿಕೆಯ ಮುಖಪುಟದ ಮೇಲಿದ್ದ ತಿಂಗಳು 1980ರ ಸೆಪ್ಟೆಂಬರ್. ಎಂದಿಗಿಂತ ದಪ್ಪನೆಯ ವಿಶೇಷ ಸಂಚಿಕೆ. 40 ಸೆಂಟ್‌ಗೆ ಸಿಗುತ್ತಿದ್ದ ಪತ್ರಿಕೆಗೆ ಆ ಸಲ 75 ಸೆಂಟ್ ಬೆಲೆ. ಅದರ ಕೊನೆಯ ಪುಟಗಳಲ್ಲಿ, ಚಂದ್ರನ ನೆಲದ ಮೇಲೆ, ಜೀನ್ ಗ್ರೇ ತನ್ನ ಪ್ರಿಯಕರ ಸ್ಕಾಟ್‌ನ ಕಣ್ಣೆದುರೇ ಸಾಯುತ್ತಾಳೆ. ಇದೇ ಸಂಚಿಕೆ ಅದಕ್ಕೂ ಮುಂಚೆ ಬೇರೊಂದು ಅಂತ್ಯದೊಂದಿಗೆ ಸಿದ್ಧವಾಗಿತ್ತು. ಅದರಲ್ಲಿ ಜೀನ್ ಬದುಕಿ ಉಳಿದಿದ್ದಳು.

ಜೀನ್ ಹುಟ್ಟಿದ್ದು 1963ರ ಸೆಪ್ಟೆಂಬರ್‌ನ ಮೊದಲ ಸಂಚಿಕೆಯಲ್ಲಿ, ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರ ಕೈಯಲ್ಲಿ. ಐವರ ತಂಡದಲ್ಲಿ ಒಬ್ಬಳೇ ಹುಡುಗಿ. ಮನಸ್ಸಿನ ಬಲದಿಂದ ವಸ್ತುಗಳನ್ನು ಎತ್ತಬಲ್ಲವಳಾದರೂ ಕಥೆಯಲ್ಲಿ ಆಕೆಗೆ ಹೆಚ್ಚು ಕೆಲಸವಿರಲಿಲ್ಲ. 1970ರ ಹೊತ್ತಿಗೆ ಪತ್ರಿಕೆಯೇ ಸೊರಗಿ, ಹಳೆಯ ಕಥೆಗಳ ಮರುಮುದ್ರಣಕ್ಕೆ ಇಳಿಯಿತು. 1975ರಲ್ಲಿ ಲೆನ್ ವೈನ್ ಮತ್ತು ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿ ಅದಕ್ಕೆ ಮರುಜೀವ ಕೊಟ್ಟರು. ಬರವಣಿಗೆಯ ಹೊಣೆ ಬೇಗನೆ ಕ್ರಿಸ್ ಕ್ಲೇರ್ಮಾಂಟ್ ಎಂಬ ಯುವಕನ ಪಾಲಿಗೆ ಬಂತು. ಮೂಲೆಗುಂಪಾಗಿದ್ದ ಆ ಹುಡುಗಿಯನ್ನು ಅವರು ಕಥೆಯ ನಡುಮಧ್ಯಕ್ಕೆ ತಂದರು. ವಿಕಿರಣದಲ್ಲಿ ಬೇಯುತ್ತಾ ಬಾಹ್ಯಾಕಾಶ ನೌಕೆ ನಡೆಸಿಕೊಂಡು ಬಂದ ಜೀನ್, ನ್ಯೂಯಾರ್ಕ್‌ನ ಜಮೈಕಾ ಕೊಲ್ಲಿಯ ನೀರಿನಿಂದ ‘ಫೀನಿಕ್ಸ್’ ಆಗಿ ಎದ್ದು ಬಂದಳು. ಅದು 1976.

ಕಾಕ್ರಮ್ ಬಿಟ್ಟುಹೋದ ಮೇಲೆ 108ನೇ ಸಂಚಿಕೆಯಿಂದ ಚಿತ್ರ ಬರೆಯಲು ಬಂದವರು ಜಾನ್ ಬರ್ನ್. ಕ್ಲೇರ್ಮಾಂಟ್ ಮತ್ತು ಬರ್ನ್ ಕಥೆಯನ್ನು ಜೊತೆಯಾಗಿಯೇ ಹೆಣೆಯುತ್ತಿದ್ದರು. ಪ್ರತಿ ಸಂಚಿಕೆಗೂ ಜಗಳವಾಡುತ್ತಿದ್ದರು. ಟೆರಿ ಆಸ್ಟಿನ್ ಅವರ ಇಂಕಿನ ಗೆರೆ ಆ ಚಿತ್ರಗಳಿಗೆ ಚೂರಿಯ ಅಲಗಿನಂಥ ಸ್ಪಷ್ಟತೆ ತಂದಿತು. ಈ ಮೂವರು 129ನೇ ಸಂಚಿಕೆಯಿಂದ ಬೆಳೆಸಿದ ಕಥೆ, ದೇವರಂಥ ಶಕ್ತಿ ಸಿಕ್ಕ ಹೆಣ್ಣೊಬ್ಬಳು ಒಳಗಿಂದೊಳಗೇ ಕುಸಿಯುವ ಕಥೆ. ಒಬ್ಬ ಮೋಸಗಾರ ಆಕೆಯ ಮನಸ್ಸಿನೊಳಗೆ ಸುಳ್ಳು ಲೋಕವೊಂದನ್ನು ಕಟ್ಟುತ್ತಾನೆ. ಅದು ಒಡೆದಾಗ ಆಕೆಯ ಹಿಡಿತವೂ ತಪ್ಪುತ್ತದೆ. 135ನೇ ಸಂಚಿಕೆಯಲ್ಲಿ ಹಸಿವು ತಾಳದೆ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಆ ನಕ್ಷತ್ರದ ಸುತ್ತ ತಿರುಗುತ್ತಿದ್ದ ಒಂದು ಗ್ರಹದಲ್ಲಿ ಜನರಿದ್ದರು: ತರಕಾರಿಯಂಥ ಹಸಿರು ತಲೆಯ ದ’ಬಾರಿ ಜನ, 500 ಕೋಟಿ. ಕೆಲವೇ ಚೌಕಗಳಲ್ಲಿ ಅವರು ಆಕಾಶ ನೋಡುತ್ತಾರೆ, ಅಷ್ಟರಲ್ಲಿ ಮುಗಿಯಿತು.

ಆ ಕೆಲವು ಚೌಕಗಳು ಜಿಮ್ ಶೂಟರ್ ಅವರನ್ನು ಬಿಡಲಿಲ್ಲ. 1978ರಿಂದ ಮಾರ್ವೆಲ್‌ನ ಪ್ರಧಾನ ಸಂಪಾದಕರಾಗಿದ್ದ ಅವರು ಜೀನ್ ಖಳನಾಯಕಿಯಾಗುವುದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಆದರೆ 137ನೇ ಸಂಚಿಕೆಯ ಪುಟಗಳು ಮೇಜಿಗೆ ಬಂದಾಗ ಅಂತ್ಯ ಬೇರೆಯೇ ಇತ್ತು. ಎಕ್ಸ್-ಮೆನ್ ಜೊತೆಗಿನ ದ್ವಂದ್ವ ಯುದ್ಧದಲ್ಲಿ ಗೆದ್ದ ಅನ್ಯಲೋಕದ ಶಿಯಾರ್ ಸಾಮ್ರಾಜ್ಯದವರು ಜೀನ್‌ಳ ಮನಸ್ಸಿನಿಂದ ಶಕ್ತಿಯನ್ನು ಕಿತ್ತು ತೆಗೆಯುತ್ತಾರೆ. ಆಕೆ ಸಾಮಾನ್ಯ ಹುಡುಗಿಯಾಗಿ ಮನೆಗೆ ಮರಳುತ್ತಾಳೆ. ಶೂಟರ್ ಒಪ್ಪಲಿಲ್ಲ. ಇಡೀ ಒಂದು ಜನಾಂಗವನ್ನು ಸುಟ್ಟವಳು ಇಷ್ಟಕ್ಕೇ ಪಾರಾಗುವುದೇ ಎಂಬುದು ಅವರ ಆಕ್ಷೇಪ.

ಇಷ್ಟು ತಡವಾಗಿ ಇಂಥ ಪ್ರಶ್ನೆ ಏಳಲು ಮಾರ್ವೆಲ್‌ನ ಕೆಲಸದ ಪದ್ಧತಿಯೂ ಕಾರಣ. ಅಲ್ಲಿ ಲೇಖಕ ಮೊದಲು ಕಥೆಯ ಹಂದರವನ್ನಷ್ಟೇ ಕೊಡುತ್ತಿದ್ದ. ಕಲಾವಿದ ಅದನ್ನು ಪುಟಗಳಾಗಿ ಬಿಡಿಸಿದ ಮೇಲೆಯೇ ಮಾತುಗಳನ್ನು ಬರೆಯುವುದು. ಹೀಗಾಗಿ ಕಥೆಯ ನಿಜವಾದ ತೂಕ ಚಿತ್ರ ಕಣ್ಣಿಗೆ ಬಿದ್ದಾಗಲೇ ಗೊತ್ತಾಗುತ್ತಿತ್ತು. ಹಂದರದಲ್ಲಿ ಒಂದು ಸಾಲಾಗಿದ್ದ ಸಾವಿಗೆ ಚೌಕದೊಳಗೆ ಮುಖ ಮೂಡಿದಾಗ ಅದರ ಅರ್ಥವೇ ಬೇರೆಯಾಗುತ್ತದೆ.

ಮುಂದಿನ ವಾಗ್ವಾದವನ್ನು ಭಾಗಿಗಳೇ ಆಮೇಲೆ ವಿವರಿಸಿದ್ದಾರೆ. ಜೀನ್‌ಳನ್ನು ಎಲ್ಲೋ ಒಂದು ಸೆರೆಯಲ್ಲಿ ಶಾಶ್ವತವಾಗಿ ಇಡಿ ಎಂದರು ಶೂಟರ್. ಹಾಗೆ ಮಾಡಿದರೆ ಎಕ್ಸ್-ಮೆನ್ ಸುಮ್ಮನಿರುವುದಿಲ್ಲ, ಆಕೆಯನ್ನು ಬಿಡಿಸಲು ಮತ್ತೆ ಮತ್ತೆ ಹೋಗುತ್ತಲೇ ಇರಬೇಕಾಗುತ್ತದೆ ಎಂದರು ಕ್ಲೇರ್ಮಾಂಟ್. ಕೊನೆಗೆ ರೋಸಿಹೋಗಿ, ಹಾಗಾದರೆ ಕೊಂದೇ ಬಿಡೋಣವೇ ಎಂದು ಕೇಳಿದರು. ಇಷ್ಟು ದೊಡ್ಡ ಪಾತ್ರವನ್ನು ಕೊಲ್ಲಲು ಸಂಪಾದಕ ಒಪ್ಪಲಾರರು ಎಂಬ ನಂಬಿಕೆಯಿಂದ ಆಡಿದ ಮಾತು ಅದು. ಶೂಟರ್ ಒಪ್ಪಿಬಿಟ್ಟರು. ಕೆನಡಾದಲ್ಲಿದ್ದ ಬರ್ನ್‌ಗೆ ಸುದ್ದಿ ಹೋಯಿತು; ಕೊನೆಯ ಪುಟಗಳನ್ನು ಹೊಸದಾಗಿ ಬರೆದದ್ದಾಯಿತು.

ಶೂಟರ್ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಅವರು 14ನೇ ವಯಸ್ಸಿನಲ್ಲೇ ಡಿಸಿ ಕಾಮಿಕ್ಸ್‌ಗೆ ‘ಲೀಜನ್ ಆಫ್ ಸೂಪರ್-ಹೀರೋಸ್’ ಕಥೆ ಬರೆದವರು. ಜೀನ್ ವಿರುದ್ಧ ಚಂದ್ರನ ಮೇಲೆ ಹೋರಾಡುವ ಶಿಯಾರ್ ಕಾವಲು ಪಡೆಯನ್ನು ಕಾಕ್ರಮ್ ರೂಪಿಸಿದ್ದು ಅದೇ ಲೀಜನ್‌ನ ಪ್ರತಿರೂಪವಾಗಿ. ಬಾಲ್ಯದಿಂದ ವೀರರ ಕಥೆ ಬರೆದವನಿಗೆ ವೀರರು ಉತ್ತರ ಕೊಡಲೇಬೇಕಾದ ಪ್ರಶ್ನೆಗಳೂ ಗೊತ್ತಿದ್ದವು ಎಂದು ನನಗೆ ಅನ್ನಿಸುತ್ತದೆ.

ಮೊದಲ ಅಂತ್ಯವನ್ನು ಮಾರ್ವೆಲ್ 1984ರಲ್ಲಿ ‘ಫೀನಿಕ್ಸ್: ದಿ ಅನ್‌ಟೋಲ್ಡ್ ಸ್ಟೋರಿ’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲಿನದರಲ್ಲಿ ಎಲ್ಲವೂ ಜೀನ್‌ಗೆ ಮಾಡಲಾದದ್ದು: ಬೇರೆಯವರು ಗೆಲ್ಲುತ್ತಾರೆ, ಬೇರೆಯವರು ಶಕ್ತಿ ಕೀಳುತ್ತಾರೆ. ಅಚ್ಚಾದ ಅಂತ್ಯದಲ್ಲಿ ಅವಳೇ ನಿರ್ಧರಿಸುತ್ತಾಳೆ. ತನ್ನ ಹಳೆಯ ಹಸಿರು ಉಡುಪನ್ನು ತೊಟ್ಟು, ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ಬಿದ್ದ ಮೇಲೆ ಸ್ಕಾಟ್‌ನೊಂದಿಗೆ ಇಬ್ಬರೇ ಉಳಿದು ಹೋರಾಡುತ್ತಾಳೆ. ಅವನಿಗೆ ಏಟು ಬಿದ್ದ ಕ್ಷಣ ಒಳಗಿನ ಫೀನಿಕ್ಸ್ ಮತ್ತೆ ಹೆಡೆಯೆತ್ತುತ್ತದೆ. ಇದಕ್ಕೆ ಕೊನೆಯಿಲ್ಲವೆಂದು ಅರಿತು, ಚಂದ್ರನ ಮೇಲಿನ ಪಾಳು ನಗರದ ಪುರಾತನ ಆಯುಧವೊಂದನ್ನು ತನ್ನ ಮೇಲೆಯೇ ತಿರುಗಿಸಿಕೊಳ್ಳುತ್ತಾಳೆ. ದ’ಬಾರಿಗಳ ಸಾವಿಗೆ ಆ ಕಥೆಯೊಳಗೆ ಉತ್ತರ ಕೊಟ್ಟವಳು ಅವಳೊಬ್ಬಳೇ. ಇಂಥ ಬಲ ಲೇಖಕರ ಮೊದಲ ಯೋಜನೆಯಲ್ಲಿ ಇರಲಿಲ್ಲ. ಆದರೆ ಅದಕ್ಕೆ ಬೇಕಾದ ಎಲ್ಲವನ್ನೂ ಹಿಂದಿನ ಎಂಟು ಸಂಚಿಕೆಗಳಲ್ಲಿ ಬಿತ್ತಿದವರು ಅವರೇ. ಆದ್ದರಿಂದಲೇ ಹೊರಗಿನಿಂದ ಬಂದ ಅಂತ್ಯ ಕಥೆಗೆ ತೇಪೆಯಂತೆ ಕಾಣುವುದಿಲ್ಲ.

ಇದೇ ಕಥೆಯನ್ನು ಹಾಲಿವುಡ್ 2006ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ತೆರೆಗೆ ತಂದಿತು. ಜೀನ್‌ಳ ಕೈಯಲ್ಲಿ ಒಂದು ಗ್ರಹ ಸಾಯುವ ಆ ಪುಟ ಎರಡು ಸಿನಿಮಾಗಳಲ್ಲೂ ಇಲ್ಲ. ಅದಿಲ್ಲದೆ ಜೀನ್‌ಳ ಸಾವಿಗೆ ಸಿಗಬೇಕಾದ ತೂಕ ಸಿಗುವುದಿಲ್ಲ.

ಕಾಮಿಕ್ಸ್‌ನಲ್ಲಾದರೂ ಆ ಸಾವು ನಿಂತಿತೇ? 1986ರಲ್ಲಿ ಮೊದಲ ಐವರನ್ನು ಒಟ್ಟುಗೂಡಿಸಿ ‘ಎಕ್ಸ್-ಫ್ಯಾಕ್ಟರ್’ ಎಂಬ ಹೊಸ ಪತ್ರಿಕೆ ತರಲು ಮಾರ್ವೆಲ್ ಹೊರಟಿತು. ಜೀನ್ ಬೇಕಾಯಿತು. ಹತ್ಯೆಯ ಹೊಣೆ ಆಕೆಯ ಮೇಲಿಲ್ಲದಿದ್ದರೆ ಮಾತ್ರ ಬರಲಿ ಎಂಬುದು ಶೂಟರ್ ಷರತ್ತು. ಮುಂದೆ ಹೆಸರಾಂತ ಲೇಖಕರಾದ ಕರ್ಟ್ ಬ್ಯೂಸಿಕ್ ಅವರ ಉಪಾಯವೊಂದು ಆಗ ಕೈಹಿಡಿಯಿತು: ನಿಜವಾದ ಜೀನ್ ಇಷ್ಟೂ ವರ್ಷ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ಮಲಗಿದ್ದಳು, ನಕ್ಷತ್ರ ನುಂಗಿದ್ದು ಆಕೆಯ ರೂಪ ತಾಳಿದ ಬೇರೊಂದು ಶಕ್ತಿ. ಜೀನ್ ನಿರಪರಾಧಿಯಾಗಿ ಮರಳಿದಳು. ಚಂದ್ರನ ಮೇಲೆ ತೆಗೆದುಕೊಂಡ ಆ ನಿರ್ಧಾರ ಮಾತ್ರ ಅಂದಿನಿಂದ ಅವಳದಾಗಿ ಉಳಿಯಲಿಲ್ಲ, ಮತ್ತು ಅದನ್ನು ನಾನು ಇವತ್ತಿಗೂ ಒಪ್ಪಿಕೊಳ್ಳಲಾರೆ.