ಮದರಾಸು ರಸ್ತೆಯೂ ಮನೆವಾರ್ತೆಯೂ

ಮನೆಯ ಯಜಮಾನನು ತಿಂಗಳ ಲೆಕ್ಕವನ್ನು ಬರೆಯುವಾಗ ಅಕ್ಕಿಗೆ ಇಷ್ಟು, ಬೇಳೆಗೆ ಇಷ್ಟು, ಸೊಪ್ಪು ತರಕಾರಿಗೆ ಇಷ್ಟು ಎಂದು ಬರೆಯುವನೇ ಹೊರತು ರಸ್ತೆಗೆ ಇಷ್ಟು ಎಂದು ಬರೆಯುವ ಪದ್ಧತಿಯಿಲ್ಲ. ಆದರೂ ಬೇಳೆಯ ಬೆಲೆಯೊಳಗೆ ಅದು ನಡೆದು ಬಂದ ದಾರಿಯ ಬೆಲೆಯೂ ಅಡಗಿಯೇ ಇರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪ್ರತ್ಯಕ್ಷವಾಗಿ ಕಾಣಬೇಕೆಂಬ ವಾಚಕರು ಬೆಂಗಳೂರು ದಂಡಿನ ಪೂರ್ವಕ್ಕೆ, ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ ಒಮ್ಮೆ ಸಾಗಿ ಬರಬೇಕು. ಮದರಾಸು ಪಟ್ಟಣವು 1996ರಲ್ಲಿ ಚೆನ್ನೈ ಎನಿಸಿತು. ರಸ್ತೆ ಮಾತ್ರ ತನ್ನ ಹಳೆಯ ಹೆಸರನ್ನು ಬಿಟ್ಟಿಲ್ಲ.

ಶ್ರೀರಂಗಪಟ್ಟಣದ ಜ್ವರಬಾಧೆಯನ್ನು ತಾಳಲಾರದೆ ಇಂಗ್ಲಿಷರ ಸೈನ್ಯವು 1809ರಲ್ಲಿ ಹಲಸೂರಿನ ಮಗ್ಗುಲಿಗೆ ಬಂದು ಬೀಡುಬಿಟ್ಟಿತು. ಸೋಮೇಶ್ವರನ ಗುಡಿಯೂ ಕೆರೆಯೂ ಉಳ್ಳ ಹಲಸೂರು ಅದಕ್ಕಿಂತ ಬಹು ಹಳೆಯ ಊರು. ದಂಡೆಂದ ಮೇಲೆ ಧಾನ್ಯ ಬೇಕು, ಹುಲ್ಲು ಬೇಕು, ಕಟ್ಟಿಗೆ ಬೇಕು. ಇವನ್ನು ಒದಗಿಸುವವರಿಂದಲೇ ಈಗ ಶಿವಾಜಿನಗರವೆನಿಸಿರುವ ಬ್ಲಾಕ್‌ಪಳ್ಳಿಯ ಬಜಾರುಗಳು ಬೆಳೆದುವು. ಆದರೆ ಆ ಕಾಲಕ್ಕೆ ಸೀಮೆಯಲ್ಲಿ ಬಂಡಿ ಓಡಾಡುವಂತಹ ದಾರಿಗಳು ಅಪೂರ್ವವಾಗಿದ್ದುವು. ಸರಕೆಲ್ಲ ಹೇರೆತ್ತಿನ ಬೆನ್ನ ಮೇಲೆ ಬರಬೇಕಾಗಿತ್ತು. ಎತ್ತು ಬೆನ್ನ ಮೇಲೆ ಹೊರುವ ಭಾರವೆಷ್ಟು, ಒಳ್ಳೆಯ ರಸ್ತೆಯಲ್ಲಿ ಜೋಡಿ ಎತ್ತು ಎಳೆಯುವ ಭಾರವೆಷ್ಟು ಎಂಬುದನ್ನು ಬೇಸಾಯಗಾರರಿಗೆ ಹೇಳಿಕೊಡಬೇಕಾದುದಿಲ್ಲ.

1834ರಿಂದ 1861ರವರೆಗೆ ಮೈಸೂರಿನ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನರು ಈ ಕೊರತೆಯನ್ನು ಚೆನ್ನಾಗಿ ಅರಿತಿದ್ದರು. ಅವರ ಆಡಳಿತದಲ್ಲಿ ಸುಮಾರು 1,600 ಮೈಲಿ ರಸ್ತೆಯೂ 300ಕ್ಕೆ ಮೇಲ್ಪಟ್ಟು ಸೇತುವೆಗಳೂ ಆದುವು. ಇಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು ಜನರು ಮರೆತಿದ್ದಾರೆ. ಅದೇನೆಂದರೆ, 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದುದು. ಮದುವೆಗೆ ತೆರಿಗೆ, ಮಗು ಹುಟ್ಟಿದುದಕ್ಕೆ ತೆರಿಗೆ, ಅದಕ್ಕೆ ಹೆಸರಿಟ್ಟುದಕ್ಕೆ, ತಲೆ ಬೋಳಿಸಿದುದಕ್ಕೆ ಬೇರೆ ಬೇರೆ ತೆರಿಗೆ! ಒಂದು ಊರಿನವರಂತೂ, ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಅಪರಾಧಕ್ಕಾಗಿ ತೆರುತ್ತಿದ್ದರಂತೆ. ಕಲ್ಲುಮಣ್ಣಿನ ಅಡ್ಡಿಯನ್ನು ತೆಗೆದು ಇಂತಹ ಅಡ್ಡಿಗಳನ್ನು ಉಳಿಸಿದ್ದರೆ ರಸ್ತೆಯಿಂದ ರೈತನಿಗಾಗುವ ಲಾಭ ಅಲ್ಪವೇ ಸರಿ.

ಜೋಲಾರಪೇಟೆಯಿಂದ ದಂಡಿನವರೆಗೆ ರೈಲುಗಾಡಿ ಬಂದುದು 1864ರ ಆಗಸ್ಟ್ 1ರಂದು. ಹನ್ನೆರಡು ವರ್ಷಗಳಲ್ಲಿಯೇ ಅದಕ್ಕೆ ಘೋರವಾದ ಪರೀಕ್ಷೆ ಒದಗಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದರಾಸಿನ ಕಡೆಯ ಧಾನ್ಯವು ರೈಲಿನಲ್ಲಿ ಬೆಂಗಳೂರಿಗೆ ಬರುತ್ತಲೇ ಇದ್ದಿತು. ಅಲ್ಲಿಂದ ಮುಂದಕ್ಕೆ ಒಯ್ಯುವುದೇ ಕಷ್ಟವಾಯಿತು. ಮೇವು ನೀರಿಲ್ಲದೆ ದನಗಳು ಸತ್ತಿದ್ದುವು. ರಸ್ತೆಯಿದ್ದೂ ಬಂಡಿಗೆ ಕಟ್ಟಲು ಎತ್ತುಗಳಿಲ್ಲ. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಕ್ಷಾಮಪೀಡಿತರನ್ನೇ ಕೂಲಿಗೆ ಹಚ್ಚಿ ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿಯನ್ನು ಹಾಕಿಸಿದರು. ಅದು 1882ರಲ್ಲಿ ಮೈಸೂರನ್ನು ಮುಟ್ಟಿತು. ಆ ಹಾದಿಯಲ್ಲಿ ಪ್ರಯಾಣ ಮಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಕೂಲಿಗಳ ನೆನಪಿದೆ?

ಇಪ್ಪತ್ತನೆಯ ಶತಮಾನದಲ್ಲಿ ಈ ರಸ್ತೆಯ ಆಸುಪಾಸಿನಲ್ಲಿ ಕಾರ್ಖಾನೆಗಳೆದ್ದುವು. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿಯ ಕಾರ್ಖಾನೆ, ಅನಂತರ ಬೈಯಪ್ಪನಹಳ್ಳಿಯಲ್ಲಿ ವಿದ್ಯುದ್ಯಂತ್ರಗಳನ್ನು ಮಾಡುವ ಎನ್.ಜಿ.ಇ.ಎಫ್. ಸೈಕಲ್ಲಿನ ಮೇಲೆ ಬುತ್ತಿ ಕಟ್ಟಿಕೊಂಡು ಹೋಗುವ ಕೆಲಸಗಾರನಿಗೆ ತಿಂಗಳ ಸಂಬಳವೂ ಮಕ್ಕಳಿಗೆ ಶಾಲೆಯೂ ದೊರೆತುದು ಇವುಗಳಿಂದ. ರಸ್ತೆಯಿದ್ದ ಮಾತ್ರಕ್ಕೆ ಕಾರ್ಖಾನೆ ಉಳಿಯುವುದೆಂದೇನೂ ಇಲ್ಲ, ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿಹೋಯಿತು.

ಮನೆಗಳಿಗೆಂದೇ ಏರ್ಪಟ್ಟ ಇಂದಿರಾನಗರದ ನೂರಡಿ ರಸ್ತೆಯ ಕಥೆ ಬೇರೆ. ಅಗಲವಾದ ದಾರಿಯನ್ನು ವ್ಯಾಪಾರವು ಬಿಟ್ಟೀತೆ? ಒಂದೊಂದಾಗಿ ಮನೆಗಳು ಅಂಗಡಿಗಳೂ ಹೋಟೆಲುಗಳೂ ಆದುವು. ನಿವೇಶನವಿದ್ದವನಿಗೆ ಐಶ್ವರ್ಯ, ಬಾಡಿಗೆಯವನಿಗೆ ಬೇರೆ ಮನೆ ಹುಡುಕುವ ತಾಪತ್ರಯ. ಅದಕ್ಕೆ ಸಮೀಪದ ಸಿ.ಎಂ.ಎಚ್. ರಸ್ತೆಯ ಮೇಲೆ ಮೆಟ್ರೋ ರೈಲನ್ನು ಒಯ್ಯುವುದೆಂದು ನಿಶ್ಚಯವಾದಾಗ ಅಲ್ಲಿಯ ವರ್ತಕರು ಬಹಳವಾಗಿ ವಿರೋಧಿಸಿದರು, ನ್ಯಾಯಾಲಯಕ್ಕೂ ಹೋದರು. 2011ರ ಅಕ್ಟೋಬರ್ 20ರಂದು ರೈಲು ಓಡಿತು. ಓಡಿದುದು ಒಳ್ಳೆಯದೇ ಆಯಿತೆಂದು ನಾನೂ ಹೇಳುತ್ತೇನೆ. ಆದರೆ ಕಾಮಗಾರಿಯ ವರ್ಷಗಳಲ್ಲಿ ಗಿರಾಕಿಯಿಲ್ಲದೆ ಕುಳಿತ ಅಂಗಡಿಯವನ ನಷ್ಟವನ್ನು ಊರಿನ ಲಾಭದ ಲೆಕ್ಕದಲ್ಲಿ ಕಳೆದು ತೋರಿಸುವವರು ಯಾರು?

ಕೃಷ್ಣರಾಜಪುರದಲ್ಲಿ ರೈಲುಹಾದಿಯ ಮೇಲೆ 2003ರಲ್ಲಿ ಸೇತುವೆಯಾಯಿತು. ಜನರು ಅದನ್ನು ತೂಗುಸೇತುವೆಯೆನ್ನುತ್ತಾರೆ. ಅದರ ಉಕ್ಕಿನ ಹಗ್ಗಗಳು ಗೋಪುರದಿಂದ ನೇರವಾಗಿ ಹಾಸಿಗೆ ಬಿಗಿಯಲ್ಪಟ್ಟಿರುವುದರಿಂದ ಇಂಜಿನಿಯರುಗಳು ಆ ಹೆಸರನ್ನು ಒಪ್ಪುವುದಿಲ್ಲ. ಗೇಟಿನ ಮುಂದೆ ಕಾಯುವ ಸಂಕಟ ತಪ್ಪಿತು. ಆದರೆ ಹೊರವರ್ತುಲ ರಸ್ತೆಯೂ ವೈಟ್‌ಫೀಲ್ಡಿನ ದಾರಿಯೂ ಇದೇ ನೆರೆಯಲ್ಲಿ ಕೂಡುವುದರಿಂದ ವಾಹನಗಳು ಸೇತುವೆಯ ಎರಡು ಕಡೆಗೂ ನಿಂತುವು. ದಾರಿ ಅಗಲವಾದಷ್ಟೂ, ಹಿಂದೆ ಹೊರಡದೆ ಇದ್ದವರೂ ಹೊರಡುತ್ತಾರೆ. ಇದು ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಕಂಡ ಸಂಗತಿ. 2023ರಲ್ಲಿ ಮೆಟ್ರೋ ಇಲ್ಲಿಗೂ ಬಂದು, ಅದೇ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿದ ಮೇಲೆ, ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವವರು ಈ ಗೊಂದಲದ ಮೇಲಿಂದಲೇ ಸಾಗಿಬಿಡಬಹುದು. ಕೆಳಗೆ ಟಿನ್ ಫ್ಯಾಕ್ಟರಿಯ ಬಳಿ, ತರಕಾರಿಯ ಚೀಲವನ್ನು ಹಿಡಿದ ಹೆಂಗಸು ಒಂದು ಕೈಯಿಂದ ಮಗುವನ್ನೂ ಹಿಡಿದು ಲಾರಿಗಳ ನಡುವೆ ರಸ್ತೆ ದಾಟಲು ಕಾಯುತ್ತಾ ನಿಂತಿರುತ್ತಾಳೆ.