ಹಳೇ ಪೇಪರ್ ಯಾವಾಗ ತೆಗೆಯಬೇಕು?

ಸಿಡ್ನಿಯ ಪಶ್ಚಿಮಕ್ಕೆ, ರಿಚ್ಮಂಡ್ ರೈಲು ಮಾರ್ಗದಲ್ಲಿರುವ ಕ್ವೇಕರ್ಸ್ ಹಿಲ್‌ನಿಂದ ಒಬ್ಬ ತಾಯಿ ಕೇಳಿದ್ದಾರೆ: "ಮಗಳಿಗೆ ಈ ವರ್ಷ ಎಚ್‌ಎಸ್‌ಸಿ. ಕೆಮಿಸ್ಟ್ರಿ ಪಾಠ ಎಲ್ಲಾ ಮೊದಲು ಓದಿ ಮುಗಿಸು, ಹಳೇ ಪೇಪರ್ ಕೊನೆಗಿರಲಿ ಅಂತ ನಾನು ಹೇಳ್ತೀನಿ. ಅವಳು ಅರ್ಧ ಓದಿದ್ದೇ ಪೇಪರ್ ಹಿಡಿದು ಕೂತುಬಿಡ್ತಾಳೆ. ತುಂಬಾ ತಪ್ಪು ಮಾಡ್ತಾಳೆ. ಇದರಿಂದ ಏನು ಪ್ರಯೋಜನ?"

ಪ್ರಯೋಜನ ಇದೆ. ಮಗಳು ಹಿಡಿದ ದಾರಿಯೇ ಹೆಚ್ಚು ಸರಿ. ಒಂದು ಷರತ್ತು ಮಾತ್ರ ಉಂಟು, ಅದನ್ನು ಆಮೇಲೆ ಹೇಳುತ್ತೇನೆ.

ತಾಯಿಯ ಸಲಹೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಬಂದ ನಮಗೆಲ್ಲ ಹಳೇ ಪ್ರಶ್ನೆಪತ್ರಿಕೆ ಎಂದರೆ ಮುಂದೆ ಏನು ಬರಬಹುದು ಎಂದು ಅಂದಾಜು ಹಾಕುವ ಸಾಧನ. ಐದಾರು ವರ್ಷದ ಪತ್ರಿಕೆ ಹರಡಿಕೊಂಡು, ಮತ್ತೆ ಮತ್ತೆ ಬಂದ ಪ್ರಶ್ನೆಗೆ ಗೀಟು ಹಾಕಿ, ಅದರ ಉತ್ತರವನ್ನು ಉರು ಹೊಡೆಯುವುದು. ನ್ಯೂ ಸೌತ್ ವೇಲ್ಸ್‌ನ ಹನ್ನೆರಡನೇ ತರಗತಿಯ ಎಚ್‌ಎಸ್‌ಸಿ ಪರೀಕ್ಷೆಯಲ್ಲಿ ಈ ಲೆಕ್ಕಾಚಾರ ನಡೆಯುವುದಿಲ್ಲ. ಕೆಮಿಸ್ಟ್ರಿ ಪರೀಕ್ಷೆ ಮೂರು ಗಂಟೆ, ನೂರು ಅಂಕ. 20 ಅಂಕಕ್ಕೆ ಬಹು ಆಯ್ಕೆಯ ಪ್ರಶ್ನೆ, ಉಳಿದ 80ಕ್ಕೆ ಬರೆಯಬೇಕು. ಸೂತ್ರಗಳ ಹಾಳೆ, ದತ್ತಾಂಶದ ಹಾಳೆ, ಆವರ್ತ ಕೋಷ್ಟಕ ಎಲ್ಲವನ್ನೂ ಅವರೇ ಕೊಡುತ್ತಾರೆ. ವಿಷಯ ಅದೇ ಇದ್ದರೂ ಸನ್ನಿವೇಶ ಪ್ರತಿ ವರ್ಷ ಹೊಸದು. ಹಾಗಾದರೆ ಮುಂದಿನ ಪ್ರಶ್ನೆಯನ್ನು ಮುಂಚೆ ಹೇಳಲಾಗದ ಹಳೇ ಪೇಪರ್‌ನಿಂದ ಏನು ಲಾಭ? ಇದಕ್ಕೆ ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಉತ್ತರ ಹುಡುಕಿದ್ದಾರೆ, ಮತ್ತು ಆ ಉತ್ತರ ಬಹಳ ಗಟ್ಟಿಯಾಗಿದೆ.

1917ರಲ್ಲಿ ಅಮೆರಿಕದ ಆರ್ಥರ್ ಗೇಟ್ಸ್ ಶಾಲಾಮಕ್ಕಳಿಗೆ ಅರ್ಥವಿಲ್ಲದ ಅಕ್ಷರಗುಂಪುಗಳನ್ನೂ ಪುಟ್ಟ ಜೀವನಚರಿತ್ರೆಗಳನ್ನೂ ಕಲಿಯಲು ಕೊಟ್ಟರು. ಸಿಕ್ಕ ಸಮಯದ ಹೆಚ್ಚಿನ ಪಾಲನ್ನು ಹಾಳೆಯಿಂದ ಕಣ್ಣು ತೆಗೆದು ತಮಗೆ ತಾವೇ ಒಪ್ಪಿಸಿಕೊಳ್ಳುವುದಕ್ಕೆ ಬಳಸಿದವರಿಗೆ, ಬರೀ ಓದುತ್ತ ಕೂತವರಿಗಿಂತ ಚೆನ್ನಾಗಿ ನೆನಪಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಅಜ್ಜನ ಮುಂದೆ ಮಗ್ಗಿ ಒಪ್ಪಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಅಯೋವಾ ರಾಜ್ಯದ ಆರನೇ ತರಗತಿಯ 3,605 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ಓದಿದ ಕೂಡಲೇ ಒಂದು ಸಣ್ಣ ಟೆಸ್ಟ್ ಕೊಟ್ಟ ಮಕ್ಕಳ ಮರೆವು ಕಡಿಮೆಯಾಯಿತು. ಇಷ್ಟು ದೊಡ್ಡ ಪ್ರಯೋಗವನ್ನು ಶಿಕ್ಷಣ ಲೋಕ ದಶಕಗಳ ಕಾಲ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು.

ಅದನ್ನು ಮತ್ತೆ ಮುನ್ನೆಲೆಗೆ ತಂದವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್. 2006ರ ಅವರ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ: ಅವರಿಗೆ ಶೇ. 83, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು ಶೇ. 40ಕ್ಕೆ ಕುಸಿದಿದ್ದರು, ಬರೆದವರು ಶೇ. 61ರಲ್ಲಿ ನಿಂತಿದ್ದರು. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದಾಗ, ಹೆಚ್ಚು ಧೈರ್ಯದಿಂದ ಉತ್ತರಿಸಿದವರು ನಾಲ್ಕು ಅವಧಿ ಓದಿದವರು. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಅಂಶ.

ಹಳ್ಳಿಯ ಸೇದುವ ಬಾವಿಯನ್ನು ನೆನೆಸಿಕೊಳ್ಳಿ. ಕಟ್ಟೆಗೆ ಒರಗಿ ಇಣುಕಿದರೆ ಕೆಳಗೆ ನೀರು ಫಳಫಳ ಹೊಳೆಯುತ್ತದೆ, ಬೇಕಾದಷ್ಟಿದೆ ಎನ್ನಿಸುತ್ತದೆ. ನೋಟ್ಸನ್ನು ಮೂರನೇ ಸಲ ಓದುವಾಗ "ಇದೆಲ್ಲ ಗೊತ್ತು" ಎನ್ನಿಸುವುದು ಈ ಇಣುಕುನೋಟದಿಂದ. ಪರೀಕ್ಷೆಯ ದಿನ ಲೆಕ್ಕಕ್ಕೆ ಬರುವುದು ಕೊಡದಲ್ಲಿ ಮೇಲೆ ಬಂದ ನೀರು. ರಾಟೆ ಬಿಗಿದಿದೆಯೋ, ಹಗ್ಗ ಸವೆದಿದೆಯೋ, ಕೊಡ ತೂತಾಗಿದೆಯೋ, ಸೇದಿ ನೋಡದೆ ತಿಳಿಯುವುದಿಲ್ಲ. ದಿನಾ ಸೇದುವ ಬಾವಿಯ ಒರತೆ ಕಟ್ಟಿಕೊಳ್ಳುವುದಿಲ್ಲ ಎನ್ನುತ್ತಾರೆ ಹಳಬರು. ನೆನಪಿನ ವಿಷಯದಲ್ಲಂತೂ ಇದು ಪ್ರಯೋಗದಿಂದ ಸಾಬೀತಾದ ಮಾತು: ಒಮ್ಮೆ ಕಷ್ಟಪಟ್ಟು ನೆನಪಿಸಿಕೊಂಡದ್ದು ಮುಂದಿನ ಸಲ ಹೆಚ್ಚು ಸುಲಭವಾಗಿ ಬರುತ್ತದೆ.

ರಸಾಯನಶಾಸ್ತ್ರದ್ದೇ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಕಬ್ಬಿಣದ ಅಯಾನು ಮತ್ತು ಥಯೋಸಯನೇಟ್ ಅಯಾನು ಸೇರಿ ರಕ್ತಗೆಂಪು ಬಣ್ಣದ ಸಂಯುಕ್ತ ಅಯಾನಾಗುತ್ತದೆ. ಅದು ಒಡೆದು ಮತ್ತೆ ಅವೆರಡೂ ಆಗುತ್ತವೆ. ಎರಡೂ ಕ್ರಿಯೆ ಸಮತೋಲನಕ್ಕೆ ಬಂದಿರುವ ದ್ರಾವಣಕ್ಕೆ ನೀರು ಸುರಿದು ಅದರ ಗಾತ್ರವನ್ನು ಎರಡು ಪಟ್ಟು ಮಾಡಿದರೆ ಏನಾಗುತ್ತದೆ? ಲೆ ಶಾತಲಿಯೇ ನಿಯಮ ಓದಿದ ಹುಡುಗಿ "ನೀರು ಬೆರೆತದ್ದರಿಂದ ಬಣ್ಣ ತಿಳಿಯಾಗುತ್ತದೆ" ಎಂದು ಬರೆದು ಮುಂದೆ ಹೋಗುತ್ತಾಳೆ. ತಪ್ಪೇನಲ್ಲ, ಆದರೆ ರಸಾಯನಶಾಸ್ತ್ರ ಅಲ್ಲಿಂದಾಚೆಗಿದೆ. ಮೂರೂ ಅಯಾನುಗಳ ಸಾರತೆ ಅರ್ಧಕ್ಕಿಳಿಯುತ್ತದೆ. ಕ್ರಿಯೆಯ ಭಾಗಲಬ್ಧದಲ್ಲಿ, ಅಂದರೆ ಕ್ಯೂನಲ್ಲಿ, ಮೇಲೆ ಒಂದೇ ಅರ್ಧ, ಕೆಳಗೆ ಅರ್ಧವನ್ನು ಅರ್ಧದಿಂದ ಗುಣಿಸಿದ ಕಾಲು. ಹಾಗಾಗಿ ಕ್ಯೂ ಬೆಲೆ ಸಮತೋಲನ ಸ್ಥಿರಾಂಕದ ಎರಡರಷ್ಟಾಗುತ್ತದೆ, ಕ್ರಿಯೆ ಹಿಂದಕ್ಕೆ ಜರುಗುತ್ತದೆ, ಕೆಂಪು ಅಯಾನು ಇನ್ನಷ್ಟು ಒಡೆಯುತ್ತದೆ. ಬರೀ ನೀರು ಬೆರೆತು ತಿಳಿಯಾಗಬೇಕಾದದ್ದಕ್ಕಿಂತ ಬಣ್ಣ ಹೆಚ್ಚು ತಿಳಿಯಾಗುವುದು ಇದಕ್ಕೇ. ಇದನ್ನು ಪುಸ್ತಕದಲ್ಲಿ ಓದಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಖಾಲಿ ಗೆರೆಗಳ ಮುಂದೆ ಕೂತಾಗ ಆ ಎರಡನೆಯ ಹೆಜ್ಜೆ ಕೈಗೆ ಬರುವುದಿಲ್ಲ, ಹಾಗೆ ಬಾರದಿದ್ದದ್ದು ಮೇ ತಿಂಗಳಲ್ಲೇ ಗೊತ್ತಾದರೆ ಅಕ್ಟೋಬರ್‌ಗೆ ಸರಿಯಾಗುತ್ತದೆ.

ಈಗ ಷರತ್ತಿನ ಮಾತು. ಇದಕ್ಕೆ ದೂರ ಹೋಗಬೇಕಿಲ್ಲ, ಸಿಡ್ನಿಯಲ್ಲೇ ಉತ್ತರವಿದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಸ್ವೆಲರ್, 1985ರಲ್ಲಿ ಗ್ರಹಾಂ ಕೂಪರ್ ಜೊತೆ ಬೀಜಗಣಿತದ ಮೇಲೆ ಪ್ರಯೋಗ ನಡೆಸಿ ತೋರಿಸಿದ್ದು ಇದು: ಒಂದು ಬಗೆಯ ಲೆಕ್ಕ ಇನ್ನೂ ಹೊಸದಾಗಿರುವಾಗ, ತಾವೇ ಗುದ್ದಾಡಿ ಬಿಡಿಸುವುದಕ್ಕಿಂತ ಬಿಡಿಸಿಟ್ಟ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ನೋಡಿ ಕಲಿತವರು ಬೇಗ ಕಲಿಯುತ್ತಾರೆ. ಮನಸ್ಸಿನಲ್ಲಿ ಒಮ್ಮೆಗೇ ಹಿಡಿದಿಟ್ಟುಕೊಳ್ಳಬಲ್ಲ ವಿಷಯ ಬಹಳ ಸ್ವಲ್ಪ. ದಾರಿ ಹುಡುಕುವುದರಲ್ಲೇ ಅದು ಖರ್ಚಾದರೆ ಕಲಿಯಲು ಏನೂ ಉಳಿಯುವುದಿಲ್ಲ. 2015ರಲ್ಲಿ ತಮಾರಾ ವಾನ್ ಖೋಗ್ ಮತ್ತು ಸ್ವೆಲರ್, ಕಲಿಯುವ ವಿಷಯ ಜಟಿಲವಾದಷ್ಟೂ ಟೆಸ್ಟ್‌ನ ಲಾಭ ಕಡಿಮೆ ಎಂದು ವಾದಿಸಿದರು. ಕಾರ್ಪಿಕ್ ಒಪ್ಪಲಿಲ್ಲ, ಅದೇ ವರ್ಷ ಉತ್ತರ ಬರೆದರು. ನನಗೆ ಇಬ್ಬರ ಮಾತೂ ಬೇಕೆನ್ನಿಸುತ್ತದೆ. ಟೈಟ್ರೇಶನ್ ಲೆಕ್ಕದಲ್ಲಿ ಮೋಲ್ ಎಲ್ಲಿಂದ ಬಂತೆಂದೇ ಗೊತ್ತಿಲ್ಲದ ಮಗುವಿನ ಮುಂದೆ ಹಳೇ ಪೇಪರ್ ಇಡುವುದು ಸಮಯ ಹಾಳು ಮಾಡಿದಂತೆ. ಮೊದಲು ಎರಡು ಮೂರು ಬಿಡಿಸಿದ ಲೆಕ್ಕ ನೋಡಲಿ. ಆಮೇಲೆ ಪುಸ್ತಕ ಮುಚ್ಚಿ ಪೇಪರ್ ತೆಗೆಯಲಿ. ಒಂದು ಅಧ್ಯಾಯಕ್ಕೆ ಇಷ್ಟಾದರೆ ಸಾಕು, ಇಡೀ ಪುಸ್ತಕ ಮುಗಿಯುವ ತನಕ ಕಾಯಬೇಕಿಲ್ಲ.

ಹಳೇ ಪೇಪರ್‌ಗೆ ಇನ್ನೊಂದು ಗುಣವಿದೆ: ಅದರಲ್ಲಿ ಪ್ರಶ್ನೆಗಳು ಕಲಸಿಕೊಂಡಿರುತ್ತವೆ. ಎಸ್ಟರ್ ಆದ ಮೇಲೆ ಬಫರ್, ಬಫರ್ ಆದ ಮೇಲೆ ಎನ್‌ಎಂಆರ್. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಗಾತ್ರದ ಲೆಕ್ಕಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು. ಕಲಸಿ ಮಾಡಿದವರು ಶೇ. 60. ವಾರದ ನಂತರ ಸಾಲಾಗಿ ಮಾಡಿದವರದು ಶೇ. 20, ಕಲಸಿದವರದು ಶೇ. 63. ಯಾವ ವಿಧಾನ ಎಲ್ಲಿಗೆ ಎಂದು ಆರಿಸುವುದೂ ಕಲಿಯಬೇಕಾದ ವಿದ್ಯೆಯೇ. ಒಂದೇ ಅಧ್ಯಾಯದ ಐವತ್ತು ಪ್ರಶ್ನೆ ಹೊಲಿದ ಟ್ಯೂಷನ್ ಪುಸ್ತಕ ಅದನ್ನು ಕಲಿಸುವುದಿಲ್ಲ.

ಕೊನೆಗೆ ಕೈಗೆ ಬರುವ ಮಾತು. ಈಗಿನ ಪಠ್ಯಕ್ರಮದ ಮೊದಲ ಎಚ್‌ಎಸ್‌ಸಿ ಪರೀಕ್ಷೆ ನಡೆದದ್ದು 2019ರಲ್ಲಿ. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ ಓಝೋನ್, ಸಿಎಫ್‌ಸಿಗಳ ಪ್ರಶ್ನೆ ಬರುತ್ತವೆ, ಅವನ್ನು ಬಿಟ್ಟು ಆಮ್ಲ-ಪ್ರತ್ಯಾಮ್ಲ, ಸಮತೋಲನದಂಥವನ್ನು ಮಾತ್ರ ಆರಿಸಿಕೊಳ್ಳಿ. ಪತ್ರಿಕೆಯ ಜೊತೆಗೆ, ಎಚ್‌ಎಸ್‌ಸಿ ನಡೆಸುವ ಸಂಸ್ಥೆಯಾದ ನೆಸಾ ಅಂಕ ಹಂಚಿಕೆಯ ಮಾರ್ಗಸೂಚಿಯನ್ನೂ, ಒಳ್ಳೆಯ ಉತ್ತರಗಳಲ್ಲಿ ಏನಿತ್ತು, ಎಲ್ಲಿ ಸುಧಾರಿಸಬೇಕು ಎಂಬ ಪರೀಕ್ಷಕರ ಟಿಪ್ಪಣಿಯನ್ನೂ ಪ್ರಕಟಿಸುತ್ತದೆ. ಬಹಳ ಮಕ್ಕಳು ಇದನ್ನು ತೆರೆಯುವುದೇ ಇಲ್ಲ. ವಿಕ್ಟೋರಿಯಾ ರಾಜ್ಯದ ವಿಸಿಇ ಪರೀಕ್ಷೆಯ ವರದಿಗಳಂತೂ ಬಹು ಆಯ್ಕೆಯ ಪ್ರಶ್ನೆಗೆ ಶೇಕಡಾ ಎಷ್ಟು ಮಂದಿ ಯಾವ ಉತ್ತರ ಆರಿಸಿದರೆಂದೂ ಹೇಳುತ್ತವೆ; ಸಿಡ್ನಿಯ ಮಕ್ಕಳಿಗೂ ಅವು ಉಪಯೋಗಕ್ಕೆ ಬರುತ್ತವೆ. ಉತ್ತರ ಬರೆದ ಮೇಲೆ ಮಾರ್ಗಸೂಚಿ ಪಕ್ಕದಲ್ಲಿಟ್ಟುಕೊಂಡು ಮಗಳು ತಾನೇ ಕೆಂಪು ಪೆನ್ನು ಹಿಡಿದು ಅಂಕ ಹಾಕಲಿ, ತಪ್ಪಿದ ಪ್ರಶ್ನೆಯನ್ನು ವಾರ ಬಿಟ್ಟು ಮತ್ತೆ ಬರೆಯಲಿ. ಎರಡು ಇತ್ತೀಚಿನ ಪೇಪರ್‌ಗಳನ್ನು ಮಾತ್ರ ಮುಟ್ಟದೆ ಸೆಪ್ಟೆಂಬರ್ ರಜೆಗೆ ಎತ್ತಿಡಿ: ಮೇಜಿನ ಮೇಲೆ ದತ್ತಾಂಶದ ಹಾಳೆ, ಕ್ಯಾಲ್ಕುಲೇಟರ್, ಕಪ್ಪು ಪೆನ್ನು, ಫೋನ್ ಇನ್ನೊಂದು ಕೋಣೆಯಲ್ಲಿ, ಮೂರು ಗಂಟೆ ಯಾರೂ ಬಾಗಿಲು ತಟ್ಟಬಾರದು.